ನೋಡಿಯಾಯ್ತು ಅನ್ನಿಸಿದ ಮೇಲೂ ಸ್ವಲ್ಪ ಹೊತ್ತು ನಿಲ್ಲಿ

ಒಂದು ಚಿತ್ರದ ಮುಂದೆ ನಾವು ಎಷ್ಟು ಹೊತ್ತು ನಿಲ್ಲುತ್ತೇವೆ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. 2001ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅರ್ಧದಷ್ಟು ಸಲ 17 ಸೆಕೆಂಡು ಆಗುವಷ್ಟರಲ್ಲೇ ಜನ ಮುಂದಕ್ಕೆ ಹೊರಟಿದ್ದರು. ಅದೂ ಹೆಸರಾಂತ ಚಿತ್ರಗಳ ಮುಂದೆ.

ಇದು ಚಿತ್ರಗಳ ಮಾತಷ್ಟೇ ಅಲ್ಲ. ಮನೆಯವರ ಮುಖ, ಹಳೆಯ ಕಟ್ಟಡ, ದಿನಾ ಹೇಳುವ ಪ್ರಾರ್ಥನೆ, ಎಲ್ಲದರ ಮುಂದೆಯೂ ನಾವು ನಿಲ್ಲುವುದು ಅಷ್ಟೇ ಹೊತ್ತು. ಆಮೇಲೆ ಬದುಕಿನಲ್ಲಿ ಏನೂ ಸ್ವಾರಸ್ಯ ಇಲ್ಲ ಅನ್ನಿಸುತ್ತದೆ. ಸ್ವಾರಸ್ಯ ಎಲ್ಲಿಗೂ ಹೋಗಿಲ್ಲ. ಅದು ಬರುವ ಹೊತ್ತಿಗೆ ನಾವು ಅಲ್ಲಿ ಇರುವುದಿಲ್ಲ.

ಕೆಲವು ವರ್ಷಗಳಿಂದ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ನೋಡಿಯಾಯ್ತು ಅನ್ನಿಸಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುವುದು. ಮೊದಲು ಬೇಜಾರು ಬರುತ್ತದೆ. ಆ ಬೇಜಾರು ದಾಟಿದರೆ ಇನ್ನೇನೋ ಶುರುವಾಗುತ್ತದೆ. ಅದನ್ನು ನಾನು ಬೆರಗು ಅಂತ ಕರೆಯುತ್ತೇನೆ. ಅಲ್ಲಿಗೆ ಹೋಗುವ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಒಂದನ್ನೇ ಆರಿಸಿಕೊಳ್ಳಿ

ಒಂದು ಚಿತ್ರ, ಒಬ್ಬ ಮನುಷ್ಯ, ಒಂದು ಹಳೆಯ ವಸ್ತು, ಒಂದು ಪ್ರಾರ್ಥನೆ. ಒಂದು ಸಲಕ್ಕೆ ಒಂದು ಸಾಕು. ಮ್ಯೂಸಿಯಂಗೆ ಹೋದರೆ ಎಲ್ಲ ಕೋಣೆ ನೋಡಲೇಬೇಕು ಅನ್ನುವ ಹಟ ಬಿಡಿ. ಮೂರು ವಸ್ತು ನೋಡಿ ಹೊರಗೆ ಬಂದರೆ ಆ ದಿನ ದಂಡವಾಗುವುದಿಲ್ಲ. ಫೋನನ್ನು ಬ್ಯಾಗಿಗೆ ಹಾಕಿ. ಫೋಟೊ ತೆಗೆದರೆ 'ಆಮೇಲೆ ನೋಡೋಣ' ಅಂತ ಮನಸ್ಸು ಅಲ್ಲಿಂದ ಎದ್ದುಬಿಡುತ್ತದೆ.

ಎರಡನೇ ಹೆಜ್ಜೆ: ಇಪ್ಪತ್ತು ನಿಮಿಷ ಒಂದು ಚಿತ್ರದ ಮುಂದೆ

ಕಲೆಯಿಂದ ಶುರು ಮಾಡುವುದು ಸುಲಭ. ಚಿತ್ರ ಎಲ್ಲಿಗೂ ಓಡಿಹೋಗುವುದಿಲ್ಲ, ನಮ್ಮಿಂದ ಏನೂ ಕೇಳುವುದೂ ಇಲ್ಲ.

ಹಾರ್ವರ್ಡ್‌ನಲ್ಲಿ ಕಲೆಯ ಇತಿಹಾಸ ಕಲಿಸುವ ಜೆನಿಫರ್ ರಾಬರ್ಟ್ಸ್ ತಮ್ಮ ವಿದ್ಯಾರ್ಥಿಗಳಿಗೆ ಒಂದೇ ಚಿತ್ರವನ್ನು 3 ಗಂಟೆ ನೋಡಲು ಹೇಳುತ್ತಾರೆ. ಅವರು ತಾವೂ ಹಾಗೆ ಕೂತು ನೋಡಿದ್ದಾರೆ. ಜಾನ್ ಸಿಂಗಲ್ಟನ್ ಕಾಪ್ಲಿ 1765ರಲ್ಲಿ ಬರೆದ ಚಿತ್ರ ಅದು. ಒಬ್ಬ ಹುಡುಗ, ಅವನ ಮುಂದೆ ಮೇಜಿನ ಮೇಲೆ ಸರಪಳಿ ಕಟ್ಟಿದ ಸಾಕು ಅಳಿಲು, ಪಕ್ಕದಲ್ಲಿ ಒಂದು ನೀರಿನ ಲೋಟ. ಹುಡುಗನ ಕಿವಿಯ ಆಕಾರವೂ ಅಳಿಲಿನ ಹೊಟ್ಟೆಯ ಅಂಚಿನ ತುಪ್ಪಳದ ಆಕಾರವೂ ಒಂದೇ ಅಂತ ಅವರಿಗೆ ಕಂಡದ್ದು 9 ನಿಮಿಷದ ಮೇಲೆ. ಹಿಂದಿನ ಪರದೆಯ ಮಡಿಕೆಗಳು ಆ ಹುಡುಗನ ಕಿವಿ, ಕಣ್ಣಿನ ಆಕಾರವನ್ನೇ ಹೋಲುತ್ತವೆ ಅಂತ ತಿಳಿದದ್ದು ಮುಕ್ಕಾಲು ಗಂಟೆ ಕಳೆದ ಮೇಲೆ. ಅವರಿಗೆ ಅದೇ ಕೆಲಸ, ಅದೇ ಓದು. ಅವರ ಕಣ್ಣಿಗೇ ಅಷ್ಟು ಹೊತ್ತು ಬೇಕಾಯಿತು!

ನಮಗೆ 3 ಗಂಟೆ ಬೇಡ, 20 ನಿಮಿಷ ಸಾಕು. ಮ್ಯೂಸಿಯಂ ದೂರವಿದ್ದರೆ ಒಂದು ಒಳ್ಳೆಯ ಅಚ್ಚಿನ ಪ್ರತಿಯಾದರೂ ಆಗುತ್ತದೆ. ಅಲಾರಂ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮತ್ತೆ ಮತ್ತೆ ಗಂಟೆ ನೋಡುತ್ತೀರಿ. ಚಿತ್ರದ ಬಗ್ಗೆ ಏನನ್ನೂ ಓದಬೇಡಿ. ಕೆಳಗೆ ಹಾಕಿರುವ ವಿವರದ ಚೀಟಿಯನ್ನೂ ಓದಬೇಡಿ. ಮೊದಲು ನೋಟ, ಆಮೇಲೆ ಓದು. ಓದಿಕೊಂಡು ನೋಡಿದರೆ ಓದಿದ್ದಷ್ಟೇ ಕಾಣುತ್ತದೆ.

ನಾನು ಹೀಗೆ ನೋಡಿದ ಮೊದಲ ಚಿತ್ರ ವಿನ್ಸೆಂಟ್ ವ್ಯಾನ್ ಗೋ ಬರೆದ ಬಾದಾಮಿ ಹೂವುಗಳದ್ದು. ನೀಲಿ ಆಕಾಶ, ಅದರ ಮೇಲೆ ಹೂಬಿಟ್ಟ ಕೊಂಬೆಗಳು. ಎರಡನೇ ನಿಮಿಷಕ್ಕೇ 'ಸರಿ, ಹೂವು, ಚೆನ್ನಾಗಿದೆ' ಅನ್ನಿಸಿತು. ಐದನೇ ನಿಮಿಷಕ್ಕೆ ಕಾಲು ನೋವು, ಬೇರೆ ಕೆಲಸಗಳ ನೆನಪು. ಸುಮ್ನೆ ನಿಂತೆ. ಮಾಡಲು ಬೇರೇನೂ ಇಲ್ಲದೆ ಕೊಂಬೆಗಳನ್ನು ಎಣಿಸಲು ಹೊರಟೆ. ಒಂದು ಕೊಂಬೆಯ ಬುಡ ಹುಡುಕುತ್ತಾ ಕೆಳಗೆ ಬಂದರೆ ಬುಡವೇ ಇಲ್ಲ. ಕಾಂಡ ಇಲ್ಲ, ನೆಲ ಇಲ್ಲ, ದಿಗಂತ ಇಲ್ಲ. ಹಾಗಾದರೆ ಇದನ್ನು ನೋಡುತ್ತಿರುವವರು ಎಲ್ಲಿದ್ದಾರೆ? ಮರದ ಕೆಳಗೆ ಅಂಗಾತ ಮಲಗಿ ಮೇಲೆ ನೋಡಿದರೆ ಮಾತ್ರ ಮರ ಹೀಗೆ ಕಾಣುತ್ತದೆ. ಅಷ್ಟು ಹೊಳೆದ ಮೇಲೆ ಉಳಿದದ್ದು ತಾನಾಗಿ ಕಾಣತೊಡಗಿತು. ಒಂದೇ ನೀಲಿ ಅಂದುಕೊಂಡಿದ್ದ ಆಕಾಶ ಒಂದೇ ನೀಲಿ ಅಲ್ಲ, ಅಲ್ಲಲ್ಲಿ ಹಸಿರಿಗೆ ತಿರುಗುತ್ತದೆ. ಕೆಲವು ಹೂವು ಪೂರ್ತಿ ಬಿರಿದಿವೆ, ಕೆಲವು ಇನ್ನೂ ಮೊಗ್ಗು. ಕೊಂಬೆಗಳಿಗೆ ಕಪ್ಪು ಗೆರೆಯ ಅಂಚು ಇದೆ. ಅಲಾರಂ ಹೊಡೆದಾಗ ಇಷ್ಟು ಬೇಗ ಆಯ್ತಾ ಅನ್ನಿಸಿತು.

ಆಮೇಲೆ ಕಥೆ ಓದಿದೆ. 1890ರ ಫೆಬ್ರವರಿಯಲ್ಲಿ ವಿನ್ಸೆಂಟ್ ಇದನ್ನು ಬರೆಯತೊಡಗಿದಾಗ ಅವನು ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದ. ಜನವರಿ 31ರಂದು ತಮ್ಮ ಥಿಯೋಗೆ ಗಂಡು ಮಗು ಹುಟ್ಟಿತ್ತು. ಮಗುವಿಗೆ ವಿನ್ಸೆಂಟ್ ಅಂತಲೇ ಹೆಸರಿಟ್ಟಿದ್ದರು. ಆ ಮಗುವಿಗೋಸ್ಕರ ದೊಡ್ಡಪ್ಪ ಬರೆದ ಚಿತ್ರ ಇದು. ಚಳಿಗಾಲ ಮುಗಿಯುವ ಮೊದಲೇ ಹೂಬಿಡುವ ಮರ ಬಾದಾಮಿ. ಹುಟ್ಟಿದ ಕೂಸು ಜಗತ್ತನ್ನು ನೋಡುವುದು ಹೇಗೆ? ಅಂಗಾತ ಮಲಗಿ, ಮೇಲಕ್ಕೆ. ಇದನ್ನು ಅವನು ಯೋಚಿಸಿಯೇ ಬರೆದನೋ ಏನೋ, ನನಗಂತೂ ಕಣ್ಣು ತುಂಬಿ ಬಂತು. ಕಥೆ ಮೊದಲೇ ಗೊತ್ತಿದ್ದಿದ್ದರೆ 'ಓ ಹೌದಾ' ಅಂದು ಮುಂದೆ ಹೋಗಿರುತ್ತಿದ್ದೆ.

ಆ ಚಿತ್ರ ನಮ್ಮವರೆಗೆ ಬಂದದ್ದರ ಹಿಂದೆಯೂ ಪ್ರೀತಿ ಇದೆ. ಅದೇ ವರ್ಷ ಜುಲೈನಲ್ಲಿ ವಿನ್ಸೆಂಟ್ ತೀರಿಕೊಂಡ. ಆರು ತಿಂಗಳಿಗೆ ಥಿಯೋನೂ ಹೋದ. ಥಿಯೋನ ಹೆಂಡತಿ ಯೋ ಆಗ 28 ವರ್ಷದವಳು, ಕೈಯಲ್ಲಿ ಒಂದು ವರ್ಷ ತುಂಬದ ಮಗು, ಮನೆ ತುಂಬಾ ಆಗಿನ್ನೂ ಯಾರೂ ಕೇಳದ ಚಿತ್ರಗಳು. ಅವಳು ಅವನ್ನು ಕಾಪಾಡಿದಳು, ಪ್ರದರ್ಶನಕ್ಕೆ ಇಟ್ಟಳು, ಅಣ್ಣ ತಮ್ಮನಿಗೆ ಬರೆದ ಪತ್ರಗಳನ್ನು ಜೋಡಿಸಿ 1914ರಲ್ಲಿ ಅಚ್ಚು ಹಾಕಿಸಿದಳು. ಬಾದಾಮಿ ಹೂವಿನ ಚಿತ್ರವನ್ನು ಮಾತ್ರ ಮನೆಯವರು ಯಾರಿಗೂ ಮಾರಲಿಲ್ಲ. ಆ ಕೂಸು ಬೆಳೆದು ಎಂಜಿನಿಯರ್ ಆಗಿ, ಮುದುಕನಾದ ಮೇಲೆ, ಆಮ್‌ಸ್ಟರ್‌ಡ್ಯಾಮಿನಲ್ಲಿ ದೊಡ್ಡಪ್ಪನ ಹೆಸರಿನ ಮ್ಯೂಸಿಯಂ ತೆರೆಯಲು ಕಾರಣನಾದ. ಅದು 1973ರಲ್ಲಿ. ಚಿತ್ರ ಈಗಲೂ ಅಲ್ಲೇ ಇದೆ.

ನೀವು ನೋಡುವಾಗ ಒಂದು ಕಾಗದ ಇಟ್ಟುಕೊಂಡು ಕಂಡದ್ದನ್ನು ಬರೆಯಿರಿ. 'ಅದ್ಭುತ', 'ಸುಂದರ' ಅಂತ ಬರೆಯಬೇಡಿ. 'ಎಡಗಡೆ ಕೆಳಗೆ ಮೂರು ಮೊಗ್ಗು' ಅಂತ ಬರೆಯಿರಿ. ಹತ್ತು ಸಾಲು ಆದ ಮೇಲೆ ಇನ್ನೇನೂ ಇಲ್ಲ ಅನ್ನಿಸುತ್ತದೆ. ಹನ್ನೊಂದನೇ ಸಾಲಿಗಾಗಿ ಕಾಯಿರಿ.

ಮೂರನೇ ಹೆಜ್ಜೆ: ಕಣ್ಣು ಆಡಿಸಿ

ನಿಂತು ನೋಡುವುದು ಅಂದರೆ ದುರುಗುಟ್ಟಿ ನೋಡುವುದಲ್ಲ. ಒಂದು ಬಿಂದುವನ್ನೇ ಕಣ್ಣು ಕದಲಿಸದೆ ನೋಡುತ್ತಾ ಕೂತರೆ ಅದರ ಸುತ್ತ ಇರುವ ತಿಳಿ ಬಣ್ಣಗಳು ಮೆಲ್ಲಗೆ ಮಾಸಿ ಮಾಯವಾಗುತ್ತವೆ. ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್ಲರ್ ಇದನ್ನು 1804ರಲ್ಲೇ ಗುರುತಿಸಿದ್ದರು. ಬದಲಾಗದೇ ಇರುವುದನ್ನು ನಮ್ಮ ಕಣ್ಣು, ಮಿದುಳು ಲೆಕ್ಕದಿಂದ ತೆಗೆದುಬಿಡುತ್ತವೆ. ಮನೆಯಲ್ಲೇ ಪರೀಕ್ಷಿಸಬಹುದು. ಬಿಳಿ ಹಾಳೆಯ ಮಧ್ಯೆ ಒಂದು ಕಪ್ಪು ಚುಕ್ಕೆ ಇಡಿ, ಪಕ್ಕದಲ್ಲಿ ಸ್ವಲ್ಪ ದೂರಕ್ಕೆ ಪೆನ್ಸಿಲಿನಿಂದ ಮಸುಕಾಗಿ ಬಳಿಯಿರಿ. ಚುಕ್ಕೆಯನ್ನೇ ನೋಡಿ. ಸ್ವಲ್ಪ ಹೊತ್ತಿಗೆ ಮಸುಕು ಕಾಣೆಯಾಗುತ್ತದೆ. ಕಣ್ಣು ಅಲ್ಲಾಡಿಸಿದ ಕೂಡಲೇ ವಾಪಸ್ಸು ಬರುತ್ತದೆ.

ಹಾಗಾಗಿ ಜಾಗ ಬದಲಿಸಿ. ಹತ್ತಿರ ಹೋಗಿ, ದೂರ ಬನ್ನಿ, ಬಗ್ಗಿ ನೋಡಿ.

ನಾಲ್ಕನೇ ಹೆಜ್ಜೆ: ದಿನಾ ನೋಡುವ ಮುಖವನ್ನು ಮತ್ತೆ ನೋಡಿ

ನಾವು ಪ್ರೀತಿಸುವವರಿಗೂ ಇದೇ ಆಗುತ್ತದೆ, ಅಲ್ವಾ? ವರ್ಷಗಟ್ಟಲೆ ಒಂದೇ ಮನೆಯಲ್ಲಿ ಇದ್ದು ಇದ್ದು ಅವರು ಆ ಮಸುಕಾದ ಪೆನ್ಸಿಲ್ ಗೆರೆಯ ಹಾಗೆ ಕಣ್ಣಿಂದ ಜಾರಿಬಿಡುತ್ತಾರೆ. ಪ್ರೀತಿ ಕಡಿಮೆಯಾಗಿದೆ ಅಂತಲ್ಲ. ಕಣ್ಣು ಆಡುತ್ತಿಲ್ಲ.

ಮೊದಲು ಅವರ ಕೈಗಳನ್ನು ನೋಡಿ. ಮುಖ ನೋಡಿದರೆ 'ಏನು, ಹಾಗೆ ನೋಡ್ತಿದ್ದೀಯ?' ಅಂತ ಕೇಳಿಬಿಡುತ್ತಾರೆ. ಕೈ ಕೆಲಸ ಮಾಡುತ್ತಿರುವಾಗ ಯಾರಿಗೂ ಗೊತ್ತಾಗುವುದಿಲ್ಲ.

ಅಮ್ಮ ಸೂಜಿಗೆ ದಾರ ಪೋಣಿಸುವುದನ್ನು ನೋಡುತ್ತಲೇ ಬೆಳೆದವಳು ನಾನು. ನಿಜವಾಗಿ ನೋಡಿದ್ದು ಮೊನ್ನೆ ಮೊನ್ನೆ. ಕಿಟಕಿಯ ಕಡೆ ತಿರುಗಿ ಕೂರುತ್ತಾಳೆ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಎರಡು ಬೆರಳಲ್ಲಿ ಚಪ್ಪಟೆ ಮಾಡುತ್ತಾಳೆ. ಸೂಜಿಯನ್ನು ಬೆಳಕಿಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚುತ್ತಾಳೆ. ಆಮೇಲೆ ಉಸಿರು ಹಿಡಿಯುತ್ತಾಳೆ. ದಾರ ತಪ್ಪಿದರೆ ಉಸಿರು ಬಿಟ್ಟು ಮತ್ತೆ ಮೊದಲಿಂದ. ಮೂರನೇ ಸಲ ದಾರ ಒಳಗೆ ಹೋಯಿತು. ಆಗ ಅವಳ ಮುಖದಲ್ಲಿ ಒಂದು ಪುಟ್ಟ ನಗು ಬಂದು ಹೋಯಿತು, ತನಗೆ ತಾನೇ ಶಭಾಷ್ ಅಂದುಕೊಂಡ ಹಾಗೆ. ನಾನು ಪೋಣಿಸಿಕೊಡಲು ಎದ್ದವಳು ಸುಮ್ಮನೆ ಕೂತೆ. ಆ ನಗು ಎಷ್ಟು ವರ್ಷಗಳಿಂದ ಅಲ್ಲಿತ್ತೋ!

ಎರಡನೆಯದು, ಅವರ ಸಣ್ಣ ಕರೆಗೆ ಓಗೊಡಿ. 'ಇಲ್ಲಿ ನೋಡು, ಮೋಡ ಹೇಗಿದೆ' ಅಂತ ಯಾರಾದರೂ ಅಂದರೆ ಅದು ಮೋಡದ ಸುದ್ದಿಯಲ್ಲ. ಒಂದು ಕ್ಷಣ ನನ್ನ ಜೊತೆ ಬಾ ಅನ್ನುವ ಕರೆ. ಜಾನ್ ಗಾಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಹೊಸದಾಗಿ ಮದುವೆಯಾದ ಜೋಡಿಗಳನ್ನು ಗಮನಿಸಿ, 6 ವರ್ಷ ಬಿಟ್ಟು ಅವರನ್ನೇ ಮತ್ತೆ ವಿಚಾರಿಸಿದರು. ಜೊತೆಗೇ ಉಳಿದಿದ್ದವರು ಇಂಥ ಕರೆಗಳಲ್ಲಿ 100ಕ್ಕೆ 86ರಷ್ಟಕ್ಕೆ ಓಗೊಟ್ಟಿದ್ದರು, ಬೇರೆಯಾದವರು 33ಕ್ಕೆ ಮಾತ್ರ ಅಂತ ಅವರು ಹೇಳುತ್ತಾರೆ. ಎದ್ದು ಹೋಗಿ ಮೋಡ ನೋಡಿ. ಅರ್ಧ ನಿಮಿಷದ ಕೆಲಸ.

ಮೂರನೆಯದು ಕೇಳುವುದು. ಉತ್ತರ ನಿಮಗೆ ಗೊತ್ತಿಲ್ಲದ ಪ್ರಶ್ನೆ ಕೇಳಿ. 'ಊಟ ಆಯ್ತಾ' ಬೇಡ. 'ಚಿಕ್ಕವರಿದ್ದಾಗ ಯಾವುದಕ್ಕೆ ಜಾಸ್ತಿ ಹೆದರುತ್ತಿದ್ದಿರಿ?' ಅಂತ ಕೇಳಿ. ಉತ್ತರ ಬಂದ ಮೇಲೆ ನಿಮ್ಮ ಕಥೆ ಶುರು ಮಾಡಬೇಡಿ. ಇನ್ನೊಂದು ಪ್ರಶ್ನೆ ಕೇಳಿ. ಅವರು ಮಾತು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿರಿ. ಮುಖ್ಯವಾದ ಮಾತು ಹೆಚ್ಚಾಗಿ ಆ ಮೌನದ ಆಚೆ ಇರುತ್ತದೆ.

ಐದನೇ ಹೆಜ್ಜೆ: ಇತಿಹಾಸದಲ್ಲಿ ಒಂದು ಕೈ ಹುಡುಕಿ

ಇತಿಹಾಸ ಬೋರು ಅನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ನಮಗೆ ಕಲಿಸಿದ್ದು ರಾಜರ ಪಟ್ಟಿ, ಯುದ್ಧಗಳ ಇಸವಿ. ಬೆರಗು ಅಲ್ಲಿ ಸಿಗುವುದು ಕಷ್ಟ. ಒಬ್ಬ ಮನುಷ್ಯ ಬೇಕು. ಅವನ ಕೈ, ಅವನ ತಪ್ಪು, ಅವನ ಬೇಸರ ಕಾಣಬೇಕು.

ರಷ್ಯಾದ ನವ್‌ಗರೋದ್ ಊರಿನ ಜೌಗು ಮಣ್ಣಿನಲ್ಲಿ ಭೂರ್ಜ ಮರದ ತೊಗಟೆಯ ಮೇಲೆ ಗೀಚಿದ ಬರಹಗಳು ನೂರಾರು ವರ್ಷ ಕೊಳೆಯದೆ ಉಳಿದಿದ್ದವು. ಆ ಮಣ್ಣಿಗೆ ಗಾಳಿ ಹೋಗುವುದಿಲ್ಲ, ಅದಕ್ಕೇ. 1956ರಲ್ಲಿ ಅಲ್ಲಿ ಆನ್ಫಿಮ್ ಎಂಬ ಹುಡುಗನ ತೊಗಟೆಗಳು ಸಿಕ್ಕವು. 13ನೇ ಶತಮಾನದವನು. ಆರೇಳು ವರ್ಷ ಇದ್ದಿರಬಹುದು ಅನ್ನುತ್ತಾರೆ. ಒಂದು ತೊಗಟೆಯಲ್ಲಿ ಅಕ್ಷರಮಾಲೆ ಬರೆಯತೊಡಗಿದ್ದಾನೆ. ಹನ್ನೊಂದು ಹನ್ನೆರಡು ಅಕ್ಷರ ಆಗುವಷ್ಟರಲ್ಲಿ ಸಾಕಾಗಿದೆ. ಉಳಿದ ಜಾಗದಲ್ಲಿ ಕುದುರೆ ಬಿಡಿಸಿದ್ದಾನೆ. ಕುದುರೆಯ ಮೇಲೆ ಒಬ್ಬ ಸವಾರ, ಕೈಯಲ್ಲಿ ಈಟಿ, ಕೆಳಗೆ ಬಿದ್ದ ಶತ್ರು. ಸವಾರ ಯಾರು ಅಂತ ಅನುಮಾನ ಬೇಡ ಅಂತ ಪಕ್ಕದಲ್ಲೇ 'ಆನ್ಫಿಮ್' ಅಂತ ಬರೆದಿದ್ದಾನೆ. ಅವನು ಬಿಡಿಸಿದ ಮನುಷ್ಯರ ಬೆರಳುಗಳು ಕಸಗುಡಿಸುವ ಕುಂಟೆಯ ಹಲ್ಲಿನ ಹಾಗಿವೆ. ಒಂದು ಕೈಗೆ ಮೂರು, ಇನ್ನೊಂದಕ್ಕೆ ಬೇರೆ ಲೆಕ್ಕ. ಇದನ್ನು ನೋಡಿದಾಗ ಮಧ್ಯೆ ಇರುವ ಏಳುನೂರಕ್ಕೂ ಜಾಸ್ತಿ ವರ್ಷ ಎಲ್ಲಿ ಹೋಯಿತು? ನನ್ನ ನೋಟ್‌ಬುಕ್ಕಿನ ಕೊನೆಯ ಪುಟವೂ ಹೀಗೇ ಇತ್ತು.

ಈಗ ನೀವೇ ಮಾಡಬೇಕಾದದ್ದು. ಅರ್ಜೆಂಟೀನಾದ ದಕ್ಷಿಣದಲ್ಲಿ 'ಕೈಗಳ ಗುಹೆ' ಅಂತಲೇ ಹೆಸರಾದ ಜಾಗವಿದೆ. ಬಂಡೆಯ ತುಂಬಾ ಅಂಗೈಗಳ ಅಚ್ಚು. ಕೆಲವು 9 ಸಾವಿರ ವರ್ಷಕ್ಕೂ ಹಳೆಯವು. ಬಂಡೆಗೆ ಕೈ ಒತ್ತಿಟ್ಟು, ಅದರ ಸುತ್ತ ಬಣ್ಣ ಊದಿದ್ದಾರೆ. ಕೈ ತೆಗೆದ ಮೇಲೆ ಅದರ ಖಾಲಿ ಆಕಾರ ಉಳಿದಿದೆ. ಹೆಚ್ಚಿನವು ಎಡಗೈ. ಯಾಕಿರಬಹುದು? ಒಂದು ಹಾಳೆ ತೆಗೆದುಕೊಂಡು ನಿಮ್ಮ ಕೈ ಇಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ನೀವು ಬಲಗೈಯವರಾದರೆ ಹಾಳೆಯ ಮೇಲೆ ಇಟ್ಟದ್ದು ಎಡಗೈ, ಅಲ್ವಾ? ಅವರೂ ಅಷ್ಟೇ. ಬಣ್ಣ ಊದುವ ಕೊಳವೆ ಬಲಗೈಯಲ್ಲಿ ಇದ್ದಿರಬೇಕು. ಗೆರೆ ಎಳೆದ ಮೇಲೆ ಕೈಯನ್ನು ಕೂಡಲೇ ಎತ್ತಬೇಡಿ. ಹಾಗೇ ಇಟ್ಟಿರಿ.

ನಿಮಗೆ ಹತ್ತಿರವಿರುವ ಯಾವುದೇ ಹಳೆಯ ಕಟ್ಟಡದಲ್ಲೂ, ಮನೆಯ ಹಳೆಯ ಪೆಟ್ಟಿಗೆಯಲ್ಲೂ ಇದೇ ದಾರಿ. ಮೊದಲು ಸವೆದ ಜಾಗ ಹುಡುಕಿ. ಮೆಟ್ಟಿಲಿನ ನಡುವೆ ಬಿದ್ದ ತಗ್ಗು, ಹಿಡಿದು ಹಿಡಿದು ನುಣುಪಾದ ಬಾಗಿಲು. ಅಲ್ಲಿ ನಿಮ್ಮ ಕಾಲು, ನಿಮ್ಮ ಕೈ ಇಡಿ. ಮುಟ್ಟಬಾರದು ಅಂತ ಫಲಕವಿದ್ದರೆ ಖಂಡಿತ ಮುಟ್ಟಬೇಡಿ. ನಾಲ್ಕು ಹುಡುಗರು 1940ರಲ್ಲಿ ಕಂಡುಹಿಡಿದ ಫ್ರಾನ್ಸಿನ ಲಾಸ್ಕೋ ಗುಹೆಯನ್ನು 1963ರಲ್ಲಿ ಜನರಿಗೆ ಮುಚ್ಚಬೇಕಾಯಿತು. ಸುಮಾರು 17 ಸಾವಿರ ವರ್ಷ ಉಳಿದಿದ್ದ ಚಿತ್ರಗಳು ನೋಡಲು ಬಂದವರ ಉಸಿರಿಗೇ ಹಾಳಾಗತೊಡಗಿದ್ದವು.

ಆರನೇ ಹೆಜ್ಜೆ: ನಂಬಿಕೆಯ ಜಾಗದಲ್ಲಿ ಸುಮ್ಮನೆ ಕೂತುಕೊಳ್ಳಿ

ಇದನ್ನು ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ಇದಕ್ಕೆ ತಾಳ್ಮೆ ಜಾಸ್ತಿ ಬೇಕು. ದೇವರನ್ನು ನಂಬುವವರಿಗೂ ನಂಬದವರಿಗೂ ಈ ಹೆಜ್ಜೆ ಒಂದೇ.

ಯಾವ ಧರ್ಮದ ಜಾಗವಾದರೂ ಸರಿ, ಜನ ಕಡಿಮೆ ಇರುವ ಹೊತ್ತಿಗೆ ಹೋಗಿ. ಅಲ್ಲಿನ ನಿಯಮ ಕೇಳಿಕೊಂಡು ಒಂದು ಮೂಲೆಯಲ್ಲಿ ಕೂರಿ. ಮೊದಲು ಕಿವಿಗೆ ಕೆಲಸ ಕೊಡಿ. ಕಲ್ಲಿನ ಕೋಣೆಯಲ್ಲಿ ಒಂದು ಕೆಮ್ಮು ಎಷ್ಟು ಹೊತ್ತು ಉಳಿಯುತ್ತದೆ? ಆಮೇಲೆ ಬೆಳಕು ಎಲ್ಲಿಂದ ಬರುತ್ತಿದೆ ನೋಡಿ. ಕಟ್ಟಿದವರು ಬೆಳಕಿಗಾಗಿ ತುಂಬಾ ತಲೆ ಕೆಡಿಸಿಕೊಂಡಿರುತ್ತಾರೆ.

ಇಸ್ತಾಂಬುಲಿನ ಹಾಗಿಯಾ ಸೋಫಿಯಾವನ್ನೇ ನೋಡಿ. 537ರಲ್ಲಿ ಮುಗಿದ ಕಟ್ಟಡ. ಅದರ ಗುಮ್ಮಟ ಸುಮಾರು 31 ಮೀಟರ್ ಅಗಲ. ಬುಡದಲ್ಲಿ ಸುತ್ತಲೂ 40 ಕಿಟಕಿ. ಬಿಸಿಲು ಆ ಕಿಟಕಿಗಳಿಂದ ನುಗ್ಗಿದಾಗ ನಡುವಿನ ಗೋಡೆ ಕಣ್ಣಿಗೆ ಕಾಣುವುದಿಲ್ಲ. ಇಡೀ ಗುಮ್ಮಟ ಬೆಳಕಿನ ಉಂಗುರದ ಮೇಲೆ ತೇಲುವಂತೆ ತೋರುತ್ತದೆ. ಇಷ್ಟು ಧೈರ್ಯ ಮಾಡಿದ್ದಕ್ಕೆ ಬೆಲೆಯೂ ತೆತ್ತರು. ಭೂಕಂಪಗಳಿಗೆ ಸಡಿಲವಾಗಿ 558ರಲ್ಲಿ ಗುಮ್ಮಟ ಕುಸಿಯಿತು. ಎರಡನೇ ಸಲ ಕಟ್ಟುವಾಗ ಸ್ವಲ್ಪ ಎತ್ತರಿಸಿದರು, ಭಾರ ಪಕ್ಕಕ್ಕೆ ತಳ್ಳುವುದು ಕಡಿಮೆಯಾಗಲಿ ಅಂತ. ಕಿಟಕಿಗಳನ್ನು ಮಾತ್ರ ಬಿಡಲಿಲ್ಲ. ಮೊದಲು ಚರ್ಚು, 1453ರ ನಂತರ ಮಸೀದಿ, ಮಧ್ಯೆ ಮ್ಯೂಸಿಯಂ, 2020ರಿಂದ ಮತ್ತೆ ಮಸೀದಿ. ಎಷ್ಟು ಭಾಷೆಯ ಪ್ರಾರ್ಥನೆ ಆ ಬೆಳಕಿನ ಕೆಳಗೆ ನಡೆದಿರಬಹುದು ಅಂತ ಯೋಚಿಸಿದರೆ ನನಗೆ ಮಾತೇ ಹೊರಡುವುದಿಲ್ಲ.

ನೀವು ದಿನಾ ಒಂದು ಪ್ರಾರ್ಥನೆ ಹೇಳುವವರಾದರೆ ಅದನ್ನೇ ಒಂದು ದಿನ ಒಂದೊಂದು ಪದವಾಗಿ ಹೇಳಿ. ಒಂದು ಪದ, ಒಂದು ಉಸಿರು. ಬಾಯಿಪಾಠವಾದ ಪದಗಳೂ ಟ್ರಾಕ್ಸ್ಲರ್‌ನ ಮಸುಕಿನ ಹಾಗೆ ಮಾಯವಾಗಿರುತ್ತವೆ. ನಿಧಾನ ಮಾಡಿದ ಕೂಡಲೇ ವಾಪಸ್ಸು ಬರುತ್ತವೆ. ಇದನ್ನು ನನಗೆ ಯಾರು ಕಲಿಸಿದರು, ಅವರಿಗೆ ಯಾರು ಕಲಿಸಿದ್ದರು ಅಂತ ಹಿಂದಕ್ಕೆ ಹೋಗಿ. ಎರಡು ಮೂರು ತಲೆಮಾರಿಗೆ ಹೆಸರು ನಿಂತುಹೋಗುತ್ತದೆ. ಅದರಾಚೆಗೂ ಯಾರೋ ಹೇಳಿಕೊಟ್ಟವರು ಇದ್ದೇ ಇದ್ದರು. ಪ್ರಾರ್ಥನೆ ಮಾಡದವರು ಮಾಡುವವರ ಮುಖವನ್ನು ದೂರದಿಂದ, ಗೌರವದಿಂದ ನೋಡಿ. ಯಾರೋ ಒಬ್ಬರು ಕಣ್ಣು ಮುಚ್ಚಿ ಇನ್ನೊಬ್ಬರಿಗೆ ಒಳ್ಳೆಯದಾಗಲಿ ಅಂತ ಕೇಳಿಕೊಳ್ಳುತ್ತಿರುತ್ತಾರೆ. ಅದಕ್ಕಿಂತ ಚೆಲುವಾದ ದೃಶ್ಯ ನಾನು ಜಾಸ್ತಿ ಕಂಡಿಲ್ಲ. ಮನಸ್ಸಿನಲ್ಲಿ ಅನುಮಾನ ಎದ್ದರೆ ಏಳಲಿ, ಅದನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಏನೂ ಅನ್ನಿಸದ ದಿನಗಳಿಗೆ

ಎಲ್ಲ ಮಾಡಿದರೂ ಕೆಲವು ದಿನ ಏನೂ ಆಗುವುದಿಲ್ಲ. ಸುಸ್ತಾಗಿದ್ದಾಗ, ನಿದ್ದೆಗೆಟ್ಟಾಗ ಬೆರಗನ್ನು ಹುಡುಕಬೇಡಿ. ಮಲಗಿ. ದುಃಖದಲ್ಲಿ ಇರುವವರಿಗೆ 'ಚೆಲುವು ನೋಡು' ಅಂತ ಹೇಳಲೂ ಬೇಡಿ. ಅವರ ಜೊತೆ ಸುಮ್ಮನೆ ಕೂರಿ. ತಿಂಗಳುಗಟ್ಟಲೆ ಯಾವುದೂ ಮನಸ್ಸಿಗೆ ತಟ್ಟುತ್ತಿಲ್ಲ ಅಂದರೆ ವೈದ್ಯರ ಹತ್ತಿರ ಮಾತಾಡಿ. ಅದು ನಿಮ್ಮ ತಪ್ಪಲ್ಲ.

ಬರೀ ಬೇಸರ ಅಂತಾದರೆ ವಾರಕ್ಕೊಮ್ಮೆ 15 ನಿಮಿಷ ನಡೆಯಲು ಹೋಗಿ. 2020ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ವಯಸ್ಸಾದ 52 ಮಂದಿ 8 ವಾರ ಹೀಗೆ ನಡೆದರು. ಅರ್ಧ ಜನರಿಗೆ ಮಾತ್ರ 'ಬೆರಗಾಗುವಂಥದ್ದನ್ನು ಹುಡುಕುತ್ತಾ ನಡೆಯಿರಿ' ಅಂತ ಹೇಳಿದ್ದರು. ಎಲ್ಲರೂ ನಡೆಯುವಾಗ ತಮ್ಮ ಫೋಟೊ ತಾವೇ ತೆಗೆದುಕೊಳ್ಳಬೇಕಿತ್ತು. ವಾರ ಕಳೆದಂತೆ ಬೆರಗು ಹುಡುಕಿದವರ ಫೋಟೊಗಳಲ್ಲಿ ಅವರ ಮುಖ ಚಿಕ್ಕದಾಗುತ್ತಾ, ಸುತ್ತಲಿನ ಜಾಗ ದೊಡ್ಡದಾಗುತ್ತಾ ಹೋಯಿತು. ನಗು ಮಾತ್ರ ಅಗಲವಾಯಿತು.

ಕೊನೆಯದಾಗಿ, ಆ ಮೊದಲ ಚಿತ್ರದ ಮುಂದೆ ಬರೆದ ಪಟ್ಟಿಯನ್ನು ಬಿಸಾಡಬೇಡಿ. ತಾರೀಕು ಹಾಕಿ ಎತ್ತಿಡಿ. ಆರು ತಿಂಗಳು ಬಿಟ್ಟು ಅದೇ ಚಿತ್ರದ ಮುಂದೆ ಹೋಗಿ, ಹಳೆಯದನ್ನು ತೆರೆಯದೆ ಹೊಸ ಪಟ್ಟಿ ಬರೆಯಿರಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.